ಹಿಂದಿನ ಹಲಗೆಯ ಮೇಲಿನ ನಂಬರು

ಬಣ್ಣ ಹಚ್ಚುವವನಿಗೆ ಬಣ್ಣ ಹಚ್ಚಬೇಡ ಎಂದು ಹೇಳಿ ಕೂಲಿ ಕೊಡುವವರನ್ನು ಬಸವಕಲ್ಯಾಣದ ಆಟೋನಗರ ಅದುವರೆಗೆ ಕಂಡಿರಲಿಲ್ಲ. ಆಟೋನಗರವೆಂದರೆ ಲಾರಿಗಳ ತವರು. ಬರೀ ಚಾಸಿಸ್ಸು, ಇಂಜಿನ್ನು ಹೊತ್ತುಕೊಂಡು ಬೆತ್ತಲೆ ಬಂದ ಲಾರಿ ತಿಂಗಳೊಪ್ಪತ್ತಿನಲ್ಲಿ ಮೈತುಂಬ ಹೂವು, ಹಣೆಗೆ ನವಿಲು ಬರೆಸಿಕೊಂಡು ಮದುಮಗನಂತೆ ಹೈವೇ ಹತ್ತುತ್ತದೆ. ಅಂಥಲ್ಲಿಗೆ ಒಂದು ಭಾನುವಾರ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿಸಿ ಹಳೇ ಮಿಲಿಟರಿ ಜೀಪೊಂದನ್ನು ಎಳೆಸಿಕೊಂಡು ಬಂದವಳು ಧನಶ್ರೀ.

"ಇದಕ್ಕ ಬಣ್ಣ ಹಚ್ಚಬ್ಯಾಡ್ರಿ," ಎಂದಳು ಇಳಿದವಳೇ.

ನಿಚ್ಚಣಿಕೆಯ ಮೇಲೆ ನಿಂತು ನವಿಲಿಗೆ ಗರಿ ಮೂಡಿಸುತ್ತಿದ್ದವನು ಬ್ರಷ್ಷು ಹಿಡಿದೇ ತಿರುಗಿದ.

"ಏನಂದ್ರಿ?"

"ಬಣ್ಣ ಹಚ್ಚಬ್ಯಾಡ್ರಿ ಅಂದೆ."

"ನಾ ಪೇಂಟರ್ ಇದ್ದೀನ್ರಿ."

"ಗೊತ್ತದ. ಅದಕ್ಕ ಮೊದಲ ಹೇಳಾಕತ್ತೇನಿ."

ಅವನು ನಕ್ಕ. ಕಿವಿಯ ತುದಿಗೆ ಒಂದು ಚುಕ್ಕೆ ನೀಲಿ ಬಣ್ಣ ಹತ್ತಿತ್ತು. ಅದನ್ನು ಹೇಳಬೇಕೋ ಬೇಡವೋ ಎಂದು ಧನಶ್ರೀ ಕ್ಷಣ ಹೊತ್ತು ಯೋಚಿಸಿ ಸುಮ್ಮನಾದಳು. ಹೇಳಿದ್ದರೆ ಅವನು ಒರೆಸಿಕೊಳ್ಳುತ್ತಿದ್ದ. ಅವಳಿಗೆ ಅದು ಅಷ್ಟೇನೂ ಬೇಕಿರಲಿಲ್ಲ.

ಶೆಡ್ಡಿನ ಯಜಮಾನ ಮೊಹಿನುದ್ದೀನ್ ಉಸ್ತಾದರು ಮಾತ್ರ ಕೈ ಎತ್ತಿಬಿಟ್ಟರು. "ಅರೇ ಬೇಟಿ, ಬಣ್ಣ ಇಲ್ಲದ ಗಾಡಿ ನಮ್ಮ ಶೆಡ್ಡಿನಿಂದ ಹೊರಗ ಹೋದ್ರ ಮಂದಿ ಏನಂತಾರ? ಉಸ್ತಾದನ ಕಣ್ಣು ಹೋಗ್ಯಾವ ಅಂತಾರ!"

ಧನಶ್ರೀ ತಾಳ್ಮೆಯಿಂದ ತಿಳಿಸಿ ಹೇಳಿದಳು. ಹಳೇ ಗಾಡಿಗಳನ್ನಷ್ಟೇ ಆನ್‌ಲೈನಿನಲ್ಲಿ ಹರಾಜು ಹಾಕುವ ಒಂದು ಕಂಪನಿ ಇದೆ. ಅವರಿಗೆ ಗಾಡಿ ಓಡಬೇಕು, ಬ್ರೇಕು ಹಿಡಿಯಬೇಕು. ಆದರೆ ಮೈಮೇಲಿನ ಬಣ್ಣ ಮಾತ್ರ ಹುಟ್ಟಿದಾಗಿನದ್ದೇ ಇರಬೇಕು, ಮಾಸಿದ್ದರೂ ಸರಿ, ಸಿಪ್ಪೆ ಎದ್ದಿದ್ದರೂ ಸರಿ. ಹೊಸದಾಗಿ ಒಂದು ಗೆರೆ ಎಳೆದರೂ ಬೆಲೆ ಬಿದ್ದುಹೋಗುತ್ತದೆ.

"ಅಂದ್ರ ಮುಪ್ಪಿಗೇ ಬೆಲೆ," ಎಂದ ನಿಚ್ಚಣಿಕೆಯಿಂದ ಇಳಿದ ಪೇಂಟರ್ ಸಂಜುಕುಮಾರ. "ಉಸ್ತಾದ, ನಿಮ್ಮನ್ನೂ ಹರಾಜಿಗೆ ಹಚ್ಚಬಹುದು ನೋಡ್ರಿ."

ಜೀಪು ಧನಶ್ರೀಯ ಅಜ್ಜ ಅಮೋಘಸಿದ್ದಪ್ಪನದು. ಐವತ್ತು ವರ್ಷದ ಹಿಂದೆ ಮೋರಖಂಡಿಯ ಈ ಕುರಿಗಾರ ನಲವತ್ತು ಕುರಿ ಮಾರಿ, ಮಿಲಿಟರಿಯವರು ವಿಲೇವಾರಿಗೆ ಇಟ್ಟಿದ್ದ ಜೀಪು ತಂದಾಗ ಊರಿಗೆ ಊರೇ ನಕ್ಕಿತ್ತು. ಆಮೇಲೆ ಹೆರಿಗೆ ಬೇನೆ ಎದ್ದ ಎಷ್ಟು ಹೆಣ್ಣುಮಕ್ಕಳು ಅದೇ ಜೀಪಿನಲ್ಲಿ ಉಣ್ಣೆಯ ಮೂಟೆಗೆ ಒರಗಿ ದವಾಖಾನೆ ಸೇರಿದರೋ ಲೆಕ್ಕವಿಲ್ಲ. ಈಗ ಅಜ್ಜನ ಮೊಣಕಾಲು ಕ್ಲಚ್ಚು ಒತ್ತುವುದಿಲ್ಲ. ಜೀಪು ಹಟ್ಟಿಯಲ್ಲಿ ನಿಂತು, ಕುರಿಮರಿಗಳು ಅದರ ಬಾನೆಟ್ಟಿನ ಮೇಲೆ ಕುಣಿಯತೊಡಗಿದ ದಿನ ಅಜ್ಜನೇ ಹೇಳಿದ್ದ: "ಮಾರಿಬಿಡು ಧನಾ. ಆದ್ರ ಓಡಸಾವ್ರಿಗೆ ಮಾರು. ಗಾಜಿನ ಮನ್ಯಾಗ ಇಟ್ಟು ನೋಡಾವ್ರಿಗೆ ಬ್ಯಾಡ. ನನ್ನ ಮಾತು ಇದೊಂದ."

ಹುಮನಾಬಾದಿನ ಲ್ಯಾಬಿನಲ್ಲಿ ವಾರವೆಲ್ಲ ಜನರ ರಕ್ತ ಪರೀಕ್ಷೆ ಮಾಡುವ ಧನಶ್ರೀಗೆ ಆ ಒಂದು ಮಾತು ಉಳಿಸಿಕೊಡುವ ಹೊಣೆ ಬಿತ್ತು. ಸಿಗುವ ರಜೆ ಭಾನುವಾರ ಒಂದೇ. ಅಂತೂ ಭಾನುವಾರಕ್ಕೊಮ್ಮೆ, ಉಸ್ತಾದರ ಮಾತಿನಲ್ಲಿ ಐತವಾರಕ್ಕೊಮ್ಮೆ, ಬಸ್ಸು ಹತ್ತಿ ಆಟೋನಗರಕ್ಕೆ ಬರುವುದು ರೂಢಿಯಾಯಿತು.

ಇಂಜಿನ್ನು, ಬ್ರೇಕು ಉಸ್ತಾದರ ಪಾಲು. ತುಕ್ಕು ತಿಂದ ಫ್ಲೋರಿಗೆ ಶೀಟು ಕೂಡಿಸುವುದು, ಹಳೇ ಬಣ್ಣವನ್ನು ಅರಿವೆ, ಎಣ್ಣೆಗಳಿಂದ ಮೆಲ್ಲಗೆ ತಿಕ್ಕಿ ಜೀವ ತುಂಬುವುದು ಸಂಜುಕುಮಾರನ ಪಾಲು. ಎರಡು ವಾರದ ಕೆಲಸ. ಅದು ಹನ್ನೊಂದು ಭಾನುವಾರ ಹಿಡಿಯಿತು. ಯಾಕೆ ಎಂದು ಇಬ್ಬರೂ ಕೇಳಲಿಲ್ಲ. ಕೇಳಬೇಕಾದ ಉಸ್ತಾದರು ಸೊಂಟನೋವಿನ ನೆಪದಲ್ಲಿ ಒಳಗೆ ಮಲಗಿಬಿಡುತ್ತಿದ್ದರು.

"ಇನ್ನಾ ಬಾಗಿಲ ತಿಕ್ಕೂದ ಮುಗದಿಲ್ಲೇನ್ರಿ?" ಎನ್ನುತ್ತಿದ್ದಳು ಧನಶ್ರೀ, ಸಾಸರಿನಲ್ಲಿ ಚಹಾ ಆರಿಸುತ್ತ.

"ಅವಸರ ಮಾಡಿದ್ರ ಬಣ್ಣ ಏಳ್ತದ್ರಿ. ಮಿಲಿಟರಿ ಬಣ್ಣ ಅದ, ಮರ್ಯಾದಿ ಬೇಡ್ತದ."

"ಹೋದ ವಾರಾನೂ ಇದ ಬಾಗಿಲ ತಿಕ್ಕಿದ್ರಿ."

"ಹೋದ ವಾರ ಹೊರಗಿಂದ ತಿಕ್ಕಿದ್ದೆ."

ಅವಳು ನಗು ತಡೆಯಲು ಚಹಾ ಕುಡಿದಳು. ಚಹಾ ಇನ್ನೂ ಆರಿರಲಿಲ್ಲ, ನಾಲಿಗೆ ಸುಟ್ಟಿತು.

ಒಂದು ಸಂಗತಿ ಅವಳು ಗಮನಿಸಿದ್ದಳು. ಆಟೋನಗರದ ಪೇಂಟರುಗಳ ಕೈ ಯಾವತ್ತೂ ಬಣ್ಣ ಬಣ್ಣ. ಉಗುರಿನ ಸಂದಿಯ ಕೆಂಪು ಮದುವೆಯ ದಿನವೂ ಹೋಗುವುದಿಲ್ಲ ಎಂಬ ಮಾತೇ ಇದೆ. ಸಂಜುಕುಮಾರನ ಕೈ ಮಾತ್ರ ಭಾನುವಾರ ತೊಳೆದ ಬಟ್ಟಲಿನಷ್ಟು ಸ್ವಚ್ಛ. ಹತ್ತಿರ ಬಂದರೆ ಸೀಮೆಎಣ್ಣೆಯ ಜೊತೆಗೆ ಸೋಪಿನ ವಾಸನೆ. ಬೆಳಿಗ್ಗೆ ಎದ್ದು ಎಷ್ಟು ಹೊತ್ತು ತಿಕ್ಕಿಕೊಳ್ಳುತ್ತಾನೋ, ಮುಂಗೈ ಕೆಂಪಗಾಗಿರುತ್ತಿತ್ತು. ಅದು ತನಗಾಗಿಯೇ ಎಂದು ಅನಿಸಿದಾಗ ಧನಶ್ರೀಗೆ ಬಲು ಸುಖವಾಯಿತು. ತನಗಾಗಿ ಅಲ್ಲದಿದ್ದರೆ ಎಂದು ಹೆದರಿಕೆಯೂ ಆಯಿತು. ಆದರೆ ಅವನು ಬಾಯಿ ಬಿಡಲಿಲ್ಲ. ಅವನ ಫೋನ್ ನಂಬರೂ ಅವಳ ಬಳಿ ಇರಲಿಲ್ಲ. ಕೆಲಸದ ಮಾತೆಲ್ಲ ಉಸ್ತಾದರ ಫೋನಿನಲ್ಲೇ.

ಹನ್ನೊಂದನೆಯ ಭಾನುವಾರ ಜೀಪು ತಯಾರಾಗಿ ನಿಂತಿತ್ತು. ಮಾಸಿದ ಹಸಿರು ಬಣ್ಣ ಮಳೆಬಿದ್ದ ಮರುದಿನದ ಜೋಳದ ಎಲೆಯಂತೆ ಹೊಳೆಯುತ್ತಿತ್ತು. ಧನಶ್ರೀ ಸುತ್ತಲೂ ಒಂದು ಸುತ್ತು ಬಂದಳು. ಹಿಂದೆ ಬಂದವಳು ಅಲ್ಲೇ ನಿಂತುಬಿಟ್ಟಳು.

ಹಿಂದಿನ ಹಲಗೆಯ ಮೂಲೆಯಲ್ಲಿ ಹಳದಿ ಅಕ್ಷರ, ಮುದ್ದಾಗಿ, ಕೆಳಗೊಂದು ಬಳ್ಳಿ ಸಮೇತ: 'ಪೇಂಟರ್ ಸಂಜು, ಬಸವಕಲ್ಯಾಣ.' ಅದರ ಕೆಳಗೆ ಹತ್ತು ಅಂಕಿಯ ಮೊಬೈಲ್ ನಂಬರು.

"ಇದೇನಿದು?"

ಸಂಜುಕುಮಾರ ಬಂದು ನೋಡಿದ. ತಾನೇ ಬರೆದದ್ದನ್ನು ಮೊದಲ ಸಲ ನೋಡುವವನಂತೆ ನೋಡಿದ. "ನಿನ್ನಿ ಸಂಜಿ ಕೆಲಸ ಮುಗೀತು… ಕೈ ತಾನ ಬರದುಬಿಟ್ಟದ್ರಿ. ಆದತ್ ಆಗ್ಯಾದ."

ಅದು ಸುಳ್ಳಲ್ಲ. ಸಹಿ ಇಲ್ಲದ ಗಾಡಿ ಆಟೋನಗರದಿಂದ ಹೊರಬಿದ್ದರೆ ಪೇಂಟರನಿಗೆ ತನ್ನ ಕೆಲಸದ ಬಗ್ಗೆ ತನಗೇ ನಾಚಿಕೆ ಎಂದು ಅರ್ಥ. ಹದಿನೈದು ವರ್ಷ ಸಾವಿರ ಲಾರಿಗೆ ಸಹಿ ಹಾಕಿದ ಕೈ, ಕೊನೆಯ ಒರೆಸು ಮುಗಿಯುತ್ತಲೇ ಬ್ರಷ್ಷು ಎತ್ತಿಕೊಂಡಿತ್ತು. ಆದರೆ ಆ ಹೊತ್ತಿಗೆ ಧನಶ್ರೀಗೆ ಅದೆಲ್ಲ ಹೊಳೆಯಲಿಲ್ಲ. ಅಜ್ಜನ ಮುಖ ಕಣ್ಣ ಮುಂದೆ ಬಂತು.

"ಹನ್ನೊಂದು ವಾರ ಒಂದ ಮಾತು ಹೇಳೇನಿ, ಬಣ್ಣ ಹಚ್ಚಬ್ಯಾಡ್ರಿ ಅಂತ. ನಮ್ಮ ಅಜ್ಜನ ಗಾಡಿ ನಿಮ್ಮ ದುಕಾನದ ಬೋರ್ಡ್ ಏನ್ರಿ?"

"ಅಳಸ್ತೀನ್ರಿ, ಈಗ ಅಳಸ್ತೀನಿ." ಅವನು ಸೀಮೆಎಣ್ಣೆಯ ಅರಿವೆ ಎತ್ತಿಕೊಂಡ. ಅವಳು ಥಟ್ಟನೆ ಅವನ ಮಣಿಕಟ್ಟು ಹಿಡಿದಳು.

"ಬ್ಯಾಡ. ಇದ್ದ ಬಣ್ಣಾನೂ ಹೋಗ್ತದ."

ಹಿಡಿದದ್ದು ಒಂದೇ ಗಳಿಗೆ. ಹನ್ನೊಂದು ವಾರದಲ್ಲಿ ಅದೇ ಮೊದಲ ಸ್ಪರ್ಶ, ಅದೂ ಸಿಟ್ಟಿನಲ್ಲಿ. ಕೈ ಬಿಟ್ಟು, ಜೀಪು ಹತ್ತಿ, ಹಿಂದೆ ತಿರುಗಿ ನೋಡದೆ ಹುಮನಾಬಾದಿಗೆ ಓಡಿಸಿಕೊಂಡು ಬಂದಳು. ದಾರಿಯುದ್ದಕ್ಕೂ ಕಣ್ಣು ಒದ್ದೆ. ಜೀಪಿಗೆ ಗಾಜು ಇದ್ದದ್ದು ಮುಂದೆ ಮಾತ್ರ, ಗಾಳಿಯೇ ಒರೆಸುತ್ತಿತ್ತು.

ಅಲ್ಲಿ ಹೈವೇ ಬದಿಗೆ ಅವಳು ಬಾಡಿಗೆಗೆ ಹಿಡಿದಿದ್ದ ತೊಗರಿ ಗೋದಾಮಿನಲ್ಲಿ ಜೀಪು ನಿಂತಿತು. ಕಂಪನಿಯ ಫೋಟೋದವನು ಬಂದು ಎಲ್ಲ ಕೋನದಿಂದ ಫೋಟೋ ತೆಗೆದ. ಹಿಂದಿನ ಹಲಗೆ ನೋಡಿ ತಲೆ ಅಲ್ಲಾಡಿಸಿದ. 'ಇತ್ತೀಚಿನ ಬರಹವಿದೆ' ಎಂದು ಕಂಪನಿಯವರು ಪಟ್ಟಿಯಲ್ಲಿ ಬರೆದರು, ಶುರುವಿನ ಬೆಲೆ ಇಳಿಸಿದರು. ಹರಾಜು ಹತ್ತು ದಿನ. ಮೊದಲ ನಾಲ್ಕು ದಿನ ಒಬ್ಬರೂ ಕೂಗಲಿಲ್ಲ. ಐದನೆಯ ದಿನ ಒಂದು ಹೋಟೆಲಿನವರು ಕೂಗಿದರು. ಬಾಗಿಲಲ್ಲಿ ನಿಲ್ಲಿಸಿ ಒಳಗೆ ಹೂವಿನ ಕುಂಡ ಇಡುತ್ತಾರಂತೆ. ಧನಶ್ರೀಗೆ ಆ ರಾತ್ರಿ ಊಟ ಸೇರಲಿಲ್ಲ.

ಭಾನುವಾರ ಬಂತು. ಕಾಲು ತಾನಾಗಿ ಬಸ್ ಸ್ಟ್ಯಾಂಡಿನ ಕಡೆ ಹೊರಟಿತ್ತು. ಅರ್ಧ ದಾರಿಗೆ ನೆನಪಾಯಿತು, ಇನ್ನು ಹೋಗಲು ಕಾರಣವಿಲ್ಲ. ಅವಳು ತಿರುಗಿ ಗೋದಾಮಿಗೆ ಬಂದು ಜೀಪಿನ ಹಿಂದೆ ಒಂದು ಚೀಲದ ಮೇಲೆ ಕೂತಳು. ಆ ಹಳದಿ ಅಕ್ಷರಗಳನ್ನು ನೋಡುತ್ತ ಕೂತಳು. ಎಂಥ ಚೆಂದದ ಅಕ್ಷರ! ಬೈಯಲು ಕೂತವಳಿಗೆ ಹತ್ತೂ ಅಂಕಿ ಬಾಯಿಪಾಠವಾದವು.

ಕೊನೆಯ ದಿನ, ಹರಾಜು ಮುಗಿಯಲು ಕಾಲುಗಂಟೆ ಇರುವಾಗ, ಸೊಲ್ಲಾಪುರದಿಂದ ಯಾರೋ ಒಬ್ಬರು ಹೋಟೆಲಿನವರನ್ನು ಮೀರಿಸಿ ಕೂಗಿದರು. ಹೋಟೆಲಿನವರು ಮತ್ತೆ ಕೂಗಿದರು. ಸೊಲ್ಲಾಪುರದವರು ಬಿಡಲಿಲ್ಲ. ನಾಲ್ಕು ಗಂಟೆಗೆ ಧನಶ್ರೀಯ ಫೋನು 'ಮಾರಾಟವಾಗಿದೆ' ಎಂದಿತು.

ಗಾಡಿ ಒಯ್ಯಲು ಬಂದವರನ್ನು ನೋಡಿ ಅವಳಿಗೆ ಆಶ್ಚರ್ಯ. ಅರವತ್ತು ದಾಟಿದ ಹೆಂಗಸು, ನೂಲಿನ ಸೀರೆ, ಕಾಲಲ್ಲಿ ಬೂಟು. ಸುಮನಬಾಯಿ, ದನದ ಡಾಕ್ಟರಾಗಿ ನಿವೃತ್ತರಾದವರು.

"ನೌಕರಿ ಇದ್ದಾಗ ಸರ್ಕಾರ ಇಂಥದ್ದ ಜೀಪ್ ಕೊಟ್ಟಿತ್ತವಾ. ಈಗ ಪೆನ್ಷನ್ ಬರ್ತದ, ಜೀಪ್ ಬರೂದಿಲ್ಲ. ಹಳ್ಳಿ ಮಂದಿ ಇನ್ನಾ ಕರೀತಾರ, ಹೋಗಬೇಕಲ್ಲ?"

ಮೋರಖಂಡಿಯಿಂದ ಬಂದಿದ್ದ ಅಮೋಘಸಿದ್ದಪ್ಪ ಕೋಲೂರಿ ನಿಂತು ಕೇಳಿದ: "ಯವ್ವಾ, ಓಡಸ್ತೀರಿ ಹೌದಿಲ್ಲೋ?"

"ಇಲ್ಲಿಂದನ ಓಡಸ್ಕೋತ ಹೋಗ್ತೀನಿ, ನೋಡ್ರಿ."

ಅಜ್ಜ ಸೊಂಟದ ಚೀಲದಿಂದ ದೇವರ ಅರಿಶಿನದ ಭಂಡಾರ ತೆಗೆದು ಬಾನೆಟ್ಟಿಗೆ ಹಚ್ಚಿದ, ಆಮೇಲೆ ಆಕೆಯ ಹಣೆಗೂ ಹಚ್ಚಿದ.

ಹೊರಡುವ ಮುಂಚೆ ಸುಮನಬಾಯಿ ಹಿಂದಿನ ಹಲಗೆ ತಟ್ಟಿದರು. "ಇದೊಂದು ನಂಬರ್ ಇಲ್ಲದಿದ್ರ ನಾ ಕೂಗ್ತಿದ್ದಿಲ್ಲ ನೋಡು. ಕಂಪನಿ ಮಂದಿ ಎಲ್ಲಾ ಚಲೋ ಅದ ಅಂತಾನ ಬರೀತಾರ. ಫೋಟೋದಾಗ ನಂಬರ್ ಕಂಡಿತು, ಫೋನ್ ಹಚ್ಚಿದೆ. ಗಾಡಿಗಿ ಏನೇನು ಐಬು ಅದಾವ ಖರೇ ಹೇಳು ತಮ್ಮಾ ಅಂದೆ."

"ಏನಂದ್ರು?" ಎಂದಳು ಧನಶ್ರೀ.

"ಮೂರು ಐಬು ಹೇಳಿದ. ಸೆಕೆಂಡ್ ಗೇರಿಗಿ ಎರಡ ಸಲ ಕ್ಲಚ್ ಒತ್ತಬೇಕು. ಥಂಡಿ ಇದ್ದಾಗ ಮುಂಜಾನೆ ರಮಿಸಿ ಎಬ್ಬಿಸಬೇಕು." ಸುಮನಬಾಯಿ ನಕ್ಕರು. "ಮೂರನೇದು, ಈ ಗಾಡಿ ಹೋದ್ರ ಐತವಾರಕ್ಕೊಮ್ಮೆ ಬರಾವ್ರು ಇನ್ನ ಬರೂದಿಲ್ರಿ ಅಂದ. ಅದು ಗಾಡಿ ಐಬು ಅಲ್ಲೋ ಹುಚ್ಚಾ, ನಿಂದು ಅಂದೆ. ಹೌದ್ರಿ ನಂದ, ಬಾಯಿ ಇಲ್ಲ ನನಗ, ಅಂದ."

ಜೀಪು ಹೈವೇ ಹತ್ತಿತು. ಸೆಕೆಂಡ್ ಗೇರಿಗೆ ಸುಮನಬಾಯಿ ಎರಡು ಸಲ ಕ್ಲಚ್ಚು ಒತ್ತಿದ ಸದ್ದು ಅಜ್ಜನಿಗೂ ಕೇಳಿತು, ಸಮಾಧಾನದಿಂದ ಗೋಣು ಹಾಕಿದ. ಹಳದಿ ಅಕ್ಷರ ಸಣ್ಣದಾಗುತ್ತ ಸಣ್ಣದಾಗುತ್ತ ಹೋಯಿತು. ಧನಶ್ರೀಗೆ ಅದು ಕಾಣಬೇಕಾದ ಅಗತ್ಯವಿರಲಿಲ್ಲ. ಹತ್ತು ಅಂಕಿ ಒತ್ತಿದಳು.

"ಹಲೋ, ಪೇಂಟರ್ ಸಂಜು ಮಾತಾಡಾಕತ್ತೇನಿ."

"ಹುಮನಾಬಾದಿಂದ ಮಾತಾಡಾಕತ್ತೇನ್ರಿ. ಸ್ವಲ್ಪ ಕೇಳೂದಿತ್ತು."

ಆ ಕಡೆ ಬ್ರಷ್ಷು ಡಬ್ಬಿಗೆ ಬಿದ್ದ ಸದ್ದು. ದನಿ ಗುರುತು ಹತ್ತಿದೆ ಎಂದು ಅವಳಿಗೆ ತಿಳಿಯಿತು.

"ಜೀಪ್… ಮಾರಾಟ ಆತಂತ್ರಿ," ಎಂದ ಮೆಲ್ಲಗೆ.

"ಜೀಪಿನ ಮಾತು ಬಿಡ್ರಿ. ಪೇಂಟರ್ ಬಗ್ಗೆ ಕೇಳೂದಿತ್ತು. ಐಬು ಏನೇನು ಅದಾವ, ಖರೇ ಹೇಳ್ರಿ."

ಆಟೋನಗರದ ಸುತ್ತಿಗೆ ಸದ್ದು ಸ್ವಲ್ಪ ದೂರವಾಯಿತು, ಅವನು ಶೆಡ್ಡಿನ ಹೊರಗೆ ಬಂದಿದ್ದ.

"ಎರಡು ವಾರದ ಕೆಲಸ ಹನ್ನೊಂದು ವಾರ ಮಾಡ್ತಾನ್ರಿ," ಎಂದ. "ಬ್ಯಾಡ ಅಂದ್ರೂ ಹೆಸರು ಬರೀತಾನ. ಮನಸ್ಸಿನಾಗ ಇದ್ದದ್ದು ಹೇಳಬೇಕಾದವ್ರ ಮುಂದ ಹೇಳೂದಿಲ್ಲ. ಸೊಲ್ಲಾಪುರದವ್ರ ಮುಂದ ಹೇಳ್ತಾನ."

"ಇಷ್ಟ ಏನು?"

"ಇನ್ನೊಂದ ಅದ್ರಿ. ನಿಮ್ಮನ್ನ ಬಿಟ್ಟು ಇರೂದು ಆಗೂದಿಲ್ಲ ಅವಂಗ."

ಧನಶ್ರೀ ಕಣ್ಣು ಮುಚ್ಚಿಕೊಂಡಳು. ಹತ್ತಿರದಲ್ಲೇ ಅಜ್ಜ ಚಹಾಕ್ಕೆ ಹೇಳುತ್ತಿದ್ದ. ಅವಳಿಗೆ ಚಹಾ ಬೇಡವಾಗಿತ್ತು.

"ಹಳೇ ಮಾಲು ಫೋನಿನಾಗ ತಗೊಳ್ಳೂದಿಲ್ರಿ ನಾವು," ಎಂದಳು. ನಗುವಿನಲ್ಲಿ ಅಳು ಕಲಸಿತ್ತು. "ಬಂದು ನೋಡಬೇಕು. ಅಜ್ಜಗ ಮೋರಖಂಡಿ ಬಸ್ ಹತ್ತಿಸಿ ಬರ್ತೀನಿ."

"ಇವತ್ತ? ಇವತ್ತು ಐತವಾರ ಅಲ್ಲಲ್ರಿ! ಕೈ ಎಲ್ಲಾ ಬಣ್ಣ ಅದ, ತೊಳಕೊಂಡು ಇರ್ತೀನಿ…"

"ತೊಳಕೋಬ್ಯಾಡ್ರಿ," ಎಂದಳು ಧನಶ್ರೀ. "ಹಂಗ ಇರ್ರಿ."