ಕೆಂಪು ಶಾಯಿ ಮುಟ್ಟದ ಪುಟ

ಹಂಡೆಯ ಒಲೆಗೆ ಒಂದೊಂದೇ ಹಾಳೆ ಹಾಕುತ್ತಿದ್ದ ಮಾಲವ್ವನ ಕೈ ತಟ್ಟನೆ ನಿಂತಿತು.

ಬೆಂಕಿ ಹತ್ತುತ್ತಿದ್ದ ಹಾಳೆಯ ಮೇಲೆ... ಅವಳ ಹೆಸರು! ಇಂಗ್ಲಿಷಿನಲ್ಲಿ!

ಸುಡುವುದನ್ನೂ ಲೆಕ್ಕಿಸದೆ ಬರಿಗೈಯಲ್ಲೇ ಎಳೆದು, ಸೆರಗಿನಿಂದ ಒತ್ತಿ ಆರಿಸಿದಳು. ಅಂಚು ಕರಕಲಾಗಿತ್ತು. ಹೆಸರು ಉಳಿದಿತ್ತು.

ಇಂಗ್ಲಿಷಿನಲ್ಲಿ ಅವಳಿಗೆ ಓದಲು ಬರುತ್ತಿದ್ದದ್ದು ಅದೊಂದೇ ಶಬ್ದ. ಕಲಿಸಿದವನು ಪಕ್ಕದ ಮನೆಯ ಮಹಾಂತಪ್ಪ.

ಆ ಕಾಗದದ ಕಟ್ಟನ್ನು ಬೆಳಿಗ್ಗೆ ತಂದುಕೊಟ್ಟವಳು ಅವನ ತಾಯಿ ಸಿದ್ದಕ್ಕ.

“ಒಲಿಗೆ ಹಾಕವ್ವ. ಮಹಾಂತಂದು ಬಿ.ಎ. ಮುಗದು ವರ್ಷಾತು, ಈಗ ಧಾರವಾಡದ ಅದ ಹಾಸ್ಟೆಲಿನ್ಯಾಗ ಎಂ.ಎ. ಓದಾಕ್ಹತ್ತಾನ, ಇನ್ನ ಇವ್ಯಾತಕ್ಕ? ಮನಿಗೆ ಸುಣ್ಣಾ ಹೊಡ್ಯಾಕ್ಹತ್ತೇನಿ. ಬರೂ ಐತವಾರ ಹಳಿಯಾಳದವ್ರು ಕನ್ಯಾದ ಮಾತಿಗೆ ಬರ್ತಾರ!”

ಮಾಲವ್ವ ಕಟ್ಟನ್ನು ಎದೆಗೊತ್ತಿ ಹಿಡಿದು ಕೇಳಿದ್ದಳು, “ಅವ್ರು... ಒಪ್ಯಾರೇನ್ರಿ, ಚಿಗವ್ವ?”

“ಹೂಂ ಅನ್ನೂದಿಲ್ಲ, ಉಹೂಂ ಅನ್ನೂದಿಲ್ಲ. ಒಂದು ಟಪಾಲು ಬರೂದೈತಿ, ತಡಿ ಅಂತಾನ. ಒಂದೂವರಿ ವರ್ಷಾತು! ಆ ಟಪಾಲು ಏನು ವಿಲಾಯತಿಯಿಂದ ನಡಕೋತ ಬರಾಕ್ಹತ್ತೈತೇನು?”

ಆ ಟಪಾಲು ಮಾಲವ್ವನ ಟ್ರಂಕಿನ ತಳದಲ್ಲಿತ್ತು! ತನ್ನ ಧಾರವಾಡದ ಹಾಸ್ಟೆಲಿನ ವಿಳಾಸವನ್ನು ತಾನೇ ಬರೆದು ಅವನು ಕಳಿಸಿದ್ದ ನೀಲಿ ಇನ್‌ಲ್ಯಾಂಡ್. ಒಳಗೆ ಖಾಲಿ. ಜೊತೆಗಿದ್ದ ಚೀಟಿಯಲ್ಲಿ ಎರಡೇ ಸಾಲು: ‘ನಿಮ್ಮ ಅಪ್ಪನನ್ನು ಕೇಳಲೇನು? ನೀನು ಬರೆಯುವವರೆಗೆ ಕಾಯುತ್ತೇನೆ.’

ಅವಳು ಬರೆಯಲಿಲ್ಲ.

ಯಾಕೆ ಬರೆಯಲಿಲ್ಲ?

ಬಿದಿರಿನಿಂದ ಕಾಗದ ಮಾಡುವ ದಾಂಡೇಲಿಯ ಮಿಲ್ಲಿನಲ್ಲಿ ಮಾಲವ್ವನದು ಹಾಳೆ ಆರಿಸುವ ಕೆಲಸ. ಸರಸರ ಹಾಳೆ ತಿರುವುತ್ತ, ಕಲೆಯಿದ್ದದ್ದನ್ನು ಬೇರೆ ಇಡಬೇಕು. ಹಾಗೆ ಬೇರೆಯಾದ ಹಾಳೆಗಳು ಕೆಲಸಗಾರರ ಮನೆಗೂ ಬರುತ್ತಿದ್ದವು. ಮಹಾಂತಪ್ಪ ಅವುಗಳ ಮೇಲೆಯೇ ಇಂಗ್ಲಿಷ್ ಬರೆಯುತ್ತಿದ್ದ.

“ಭಾಷಾದ ಪೇಪರಿಗೆ ಗಟ್ಟಿ ಮಾಡಬಹುದು, ಸಾಹಿತ್ಯದ್ದಕ್ಕ ಓದಬಹುದು,” ಎಂದಿದ್ದ ರಜೆಗೆ ಬಂದಾಗ. “ಈ ಕಾಂಪೋಜಿಷನ್ ಐತಲ್ಲ, ಅದಕ್ಕ ನಮ್ಮ ಹೊಟ್ಯಾಗಿದ್ದದ್ದ ಹೊರಗ ಬರಬೇಕು. ಹೇಳು, ಹಾಳ್ಯಾಗಿನ ಆ ಸಣ್ಣ ಚುಕ್ಕಿ ನಿನಗ ಹೆಂಗ ಕಾಣತೈತಿ?”

“ನೋಡಿದ್ರ ಕಾಣತೈತ್ರಿ.”

“ನಾನೂ ನೋಡಾಕ್ಹತ್ತೇನಲ್ಲ?”

“ನೀವೆಲ್ಲಿ ಹಾಳಿ ನೋಡಾಕ್ಹತ್ತೀರಿ... ನನ್ನ ನೋಡಾಕ್ಹತ್ತೀರಿ!”

ಅಂದುಬಿಟ್ಟು ಒಳಗೆ ಓಡಿದ್ದಳು.

ಆ ಇನ್‌ಲ್ಯಾಂಡ್ ಬಂದ ವಾರದಲ್ಲೇ ಅವನ ಜೊತೆ ಓದುತ್ತಿದ್ದ ದ್ಯಾಮಪ್ಪ ಊರಿಗೆ ಬಂದಿದ್ದ. “ನಿನ್ನ ಕೈ ಬಗ್ಗೆ ಬರದಿದ್ದ ನೋಡು ಮಹಾಂತ, ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕತು!” ಎಂದು ಹೇಳಿಹೋದ.

ನಕ್ಕರು... ನನ್ನ ಕೂಲಿ ಕೈ ಇಟ್ಟುಕೊಂಡು ನಗಿಸಿದನೇ? ಮಾಲವ್ವ ಯಾರನ್ನೂ ಕೇಳಲಿಲ್ಲ. ಅವನು ರಜೆಗೆ ಬಂದಾಗಲೆಲ್ಲ ಕದ ಮುಂದೆ ಮಾಡಿಕೊಂಡಳು. ಕಲೆ ಕಂಡ ಹಾಳೆಯನ್ನು ಎರಡನೇ ಸಲ ನೋಡುವ ರೂಢಿ ಅವಳ ಕೈಗಿರಲಿಲ್ಲ.

ಈಗ ಆ ಬರಹವೇ ಕೈಯಲ್ಲಿತ್ತು.

ಸುಟ್ಟ ಬೆರಳಿಗೆ ಎಣ್ಣೆಯನ್ನೂ ಹಚ್ಚದೆ ನಾಗಲಿಂಗಪ್ಪ ಮಾಸ್ತರರ ಕಟ್ಟೆಗೆ ಹೋದಳು. ದುಡಿಯುವ ಹೆಂಗಸರಿಗೆ ಕನ್ನಡ ಅಕ್ಷರ ಕಲಿಸಿದವರು ಅವರೇ.

“ನನ್ನ ಮರ್ಯಾದಿ ಕಳದದ್ದಿದ್ರೂ ಮುಚ್ಚಬ್ಯಾಡ್ರಿ ಸರ. ಇದ್ದದ್ದಿದ್ದಂಗ ಓದ್ರಿ.”

ಮಾಸ್ತರರು ಕನ್ನಡಕ ಏರಿಸಿದರು. “ಇದಕ್ಕ ಕೊಟ್ಟ ವಿಷಯ, ‘ನಾನು ಕಂಡ ಚಂದದ ವಸ್ತು’. ಇಂವಾ ಬರದದ್ದು... ‘ಹಾಳೆ ಆರಿಸುವ ಕೈಗಳು’!”

ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತ ಹೋದರು.

‘ಗೆಳೆಯರು ಚಂದ್ರನ ಬಗ್ಗೆ, ಗೋಲಗುಮ್ಮಟದ ಬಗ್ಗೆ ಬರೆದಿದ್ದಾರೆ. ನನ್ನ ತಲೆಬರಹ ಕೇಳಿ ಅವರು ನಗಬಹುದು, ನಗಲಿ. ಮಾಲವ್ವನ ಕೈ ಹಾಳೆ ತಿರುವುವಾಗ ಪಾರಿವಾಳದ ಹಿಂಡು ಒಮ್ಮೆಲೇ ಎದ್ದಂತೆ ಸದ್ದಾಗುತ್ತದೆ. ನಾನು ಬರೆಯುತ್ತಿರುವ ಈ ಹಾಳೆಯನ್ನು ತೆಗೆದುಹಾಕಿದವಳೂ ಅವಳೇ. ಮೂಲೆಯಲ್ಲಿ ಸಾಸಿವೆಗಿಂತ ಸಣ್ಣದೊಂದು ಬಿದಿರಿನ ಚುಕ್ಕಿ ಇದೆ. ನಾಲ್ಕು ವರ್ಷ ಕಾಲೇಜು ಓದಿದ ನನಗೆ ಅದು ಕಾಣಲಿಲ್ಲ. ಇಷ್ಟು ನಿಚ್ಚಳವಾಗಿ ನೋಡುವವಳ ಮುಂದೆ ನಿಲ್ಲಲು ನನಗೆ ಅಂಜಿಕೆ. ಆದರೆ ಜೀವನಪೂರ್ತಿ ಅಲ್ಲೇ ನಿಲ್ಲಬೇಕೆಂಬ ಆಸೆ.’

ಮಾಲವ್ವ ಹಾಳೆಯ ಮೇಲೆ ಬಗ್ಗಿದಳು.

ಮೂಲೆ ನೋಡಿದಳು. ಇತ್ತು, ಚುಕ್ಕಿ! ಅವಳದೇ ಹಾಳೆ!

“ಈ ಕೆಂಪು ಶಾಯಿ ಏನಂತೈತ್ರಿ ಸರ?”

“ಮೊದಲ ಪುಟದಾಗ ಪ್ರೊಫೆಸರರು ಸಾಲಿಗೊಂದು ತಿದ್ಯಾರ. ಹಿಂದಿನ ಮಗ್ಗಲಿನ ಈ ಕಡೀ ಪುಟದಾಗ ಒಂದೂ ಇಲ್ಲ. ಕೆಳಗ ಬರದಾರ ನೋಡು... ‘ಇಲ್ಲಿ ನನ್ನ ಕೆಂಪು ಶಾಯಿಗೆ ಕೆಲಸವಿಲ್ಲ. ನಕ್ಕಿದ್ದ ತರಗತಿ, ಓದಿ ಮುಗಿಸಿದಾಗ ಎದ್ದು ನಿಂತಿತ್ತು’ ಅಂತ.”

ಎದ್ದು ನಿಂತಿತ್ತು!

ಮಾಲವ್ವ ತನ್ನ ಎರಡೂ ಕೈಗಳನ್ನು ಬೇರೆ ಯಾರದೋ ಎಂಬಂತೆ ತಿರುವಿ ತಿರುವಿ ನೋಡಿಕೊಂಡಳು. ಕಾಗದದ ಅಂಚು ಕುಯ್ದ ಗೆರೆಗಳು, ಈಗ ಬೆಂದ ಬೆರಳು... ಏಳು ಕಡಲಾಚೆಯ ಭಾಷೆಯೊಳಗೆ ಈ ಕೈಗಳು ಹೋಗಿ ಬಂದವೇ? ದೊಡ್ಡ ದೊಡ್ಡವರ ಮಕ್ಕಳು ಇವಕ್ಕೆ ಎದ್ದು ನಿಂತರೇ?

ದ್ಯಾಮಪ್ಪ ಸುಳ್ಳು ಹೇಳಿರಲಿಲ್ಲ. ಅರ್ಧ ಹೇಳಿದ್ದ. ಉಳಿದರ್ಧ ಅವಳು ಕೇಳಿರಲಿಲ್ಲ.

ಮನೆಗೆ ಓಡಿ ಟ್ರಂಕಿನಿಂದ ಇನ್‌ಲ್ಯಾಂಡ್ ತೆಗೆದಳು. ಬೆರಳು ಉರಿಯುತ್ತಿದ್ದರೂ ಬರೆದಳು:

‘ಒಂದು ಮಾತು ಕೇಳಿ ನಿಮ್ಮನ್ನು ತೆಗೆದುಹಾಕಿದ್ದೆ. ತಪ್ಪಾಯಿತು. ಈಗ ಎರಡನೇ ಸಲ ನೋಡಿದೆ. ಅಪ್ಪನನ್ನು ಕೇಳಿರಿ. ಐತವಾರದೊಳಗೆ ಬರ್ರಿ.’

ಕೆಳಗೆ ಅವನು ಕಲಿಸಿದ ಇಂಗ್ಲಿಷ್ ಅಕ್ಷರಗಳಲ್ಲಿ, ಒಂದೊಂದಾಗಿ, ತನ್ನ ಹೆಸರು.

ಓಣಿಯ ತುದಿಯ ಟಪಾಲು ಡಬ್ಬಿಯ ಎದುರಿಗೇ ಸಿದ್ದಕ್ಕ ಸುಣ್ಣದ ಬಕೀಟು ಹಿಡಿದು ಬರುತ್ತಿದ್ದಳು.

“ಪಾಳಿಗೆ ಹೋಗೂದು ಬಿಟ್ಟು ಇಲ್ಲೇನ ಮಾಡಾಕ್ಹತ್ತಿ? ಯಾರಿಗವ್ವ ಟಪಾಲು?”

ಮಾಲವ್ವ ತಲೆ ತಗ್ಗಿಸಿದಳು. “ನೀವು ಅಂದಿದ್ರಲ್ಲ... ವಿಲಾಯತಿಯಿಂದ ನಡಕೋತ ಬರೂದು. ಈಗ ಮುಟ್ಟೈತ್ರಿ... ಅತ್ತಿ.”

ಚಿಗವ್ವ ಹೋಗಿ ಅತ್ತಿ! ಸಿದ್ದಕ್ಕನ ಬಕೀಟು ನೆಲಕ್ಕೆ ಕೂತಿತು. ನೀಲಿ ಕಾಗದ ನೋಡಿದಳು. ಮಾಲವ್ವನ ಕೆಂಪೇರಿದ ಮುಖ ನೋಡಿದಳು. ಸುಣ್ಣದ ಕೈಯಲ್ಲೇ ಅವಳ ಗಲ್ಲ ಹಿಡಿದು ಎತ್ತಿದಳು.

“ಮಗ್ಗಲದ ಮನ್ಯಾಗಿದ್ದು ಒಂದೂವರಿ ವರ್ಷ ಕಾಯಿಸಿದ್ಯಲ್ಲ, ಹುಚ್ಚಿ... ಹಾಕ ಮತ್ತ! ಇನ್ನೂ ಏನ ನೋಡತಿ?”

ಮಾಲವ್ವ ಕೈ ಬಿಟ್ಟಳು. ಡಬ್ಬಿಯ ತಳಕ್ಕೆ ಕಾಗದ ಬಿದ್ದ ಸಪ್ಪಳ ಇಬ್ಬರಿಗೂ ಕೇಳಿಸಿತು.