ಮೈದಾನಕ್ಕೆ ಬೆನ್ನು

ಪೀಣ್ಯ ವರ್ಕರ್ಸ್ ತಂಡದ ಫುಟ್‌ಬಾಲ್ ಮ್ಯಾಚ್ ನೋಡುವುದಕ್ಕೆ ಮೊದಲು ಇಪ್ಪತ್ತೈದು ರೂಪಾಯಿ ಇದ್ದರೆ ಸಾಕಿತ್ತು. ಟಿಕೆಟ್ ಹತ್ತು, ಗ್ಯಾಲರಿಯ ಮೆಟ್ಟಿಲ ಮೇಲೆ ಬುಟ್ಟಿ ಇಟ್ಟುಕೊಂಡು ಕೂರುವ ಚನ್ನಕ್ಕನ ಚಿತ್ರಾನ್ನ ಹದಿನೈದು. 2012ರಲ್ಲಿ ಫ್ಯಾಕ್ಟರಿಯವರು ತಂಡ ಸಾಕಲಾರದೆ ಮೈದಾನದ ಸಮೇತ ಒಬ್ಬ ಬಿಲ್ಡರ್‌ಗೆ ಮಾರಿದರು. ಟಿಕೆಟ್ ಐವತ್ತಾಯಿತು. ಚನ್ನಕ್ಕನನ್ನು ಗೇಟಿನ ಹೊರಗೆ ಹಾಕಿದರು. ಖರ್ಚು ಇಳಿಸಬೇಕೆಂದು ಆಟಗಾರರ ಬೆಳಗಿನ ಮೊಟ್ಟೆ ನಿಲ್ಲಿಸಿದರು, ಬೇರೆ ಊರಿಗೆ ಹೋಗುವ ಬಸ್ಸು ನಿಲ್ಲಿಸಿದರು. ಕೊನೆಗೆ, ಆಯುಧಪೂಜೆಯ ದಿನ ಗೋಲ್ ಪೋಸ್ಟಿಗೆ ದೃಷ್ಟಿ ತೆಗೆದು ಒಡೆಯುತ್ತಿದ್ದ ಬೂದುಗುಂಬಳಕಾಯಿಯೂ ದಂಡದ ಖರ್ಚು ಎಂದರು.

ಮೊಟ್ಟೆ ಹೋದಾಗ ಗೊಣಗಿ ಸುಮ್ಮನಾಗಿದ್ದ ಜನ ಕುಂಬಳಕಾಯಿ ಹೋದಾಗ ಸುಮ್ಮನಾಗಲಿಲ್ಲ.

ಇಂಥ ತೀರ್ಮಾನಗಳ ನೋಟೀಸನ್ನೆಲ್ಲ ಟೈಪ್ ಮಾಡಿ ಬೋರ್ಡಿಗೆ ಅಂಟಿಸುವ ಕೆಲಸ ಮೈದಾನದ ಆಫೀಸಿನ ಭಾನುಮತಿಯದು. ಅವಳು ಕುಂಬಳಕಾಯಿಯ ನೋಟೀಸು ಅಂಟಿಸುತ್ತಿದ್ದಾಗ ಹಿಂದಿನಿಂದ ಒಂದು ದನಿ ಬಂತು.

"ಮೇಡಂ, ಕುಂಬಳಕಾಯಿ ನಾನೇ ತಂದ್ಕೊಡ್ತೀನಿ. ಕಂಪನೀಗೆ ಒಂದು ಪೈಸೆ ಖರ್ಚಿಲ್ಲ."

ತಿರುಗಿ ನೋಡಿದಳು. ಮ್ಯಾಚಿನ ದಿನ ಮೈದಾನದಲ್ಲಿ ತಮಟೆ ಹೊಡೆಯುತ್ತಿದ್ದ ಮುನಿರಾಜು. ರಾಜಗೋಪಾಲನಗರದವನು, ಪೀಣ್ಯ ಸೆಕೆಂಡ್ ಸ್ಟೇಜಿನ ಒಂದು ವರ್ಕ್‌ಶಾಪಿನಲ್ಲಿ ಲೇತ್ ಆಪರೇಟರ್.

"ಹೊರಗಿನ ಪದಾರ್ಥ ಒಳಗೆ ತರೋ ಹಾಗಿಲ್ಲ."

"ಹಂಗಾದ್ರೆ ನಾವೂ ಹೊರಗಿನ ಪದಾರ್ಥಾನೇನಾ ಮೇಡಂ?"

ಅವಳು ನಗು ತಡೆಯಲು ಕೆಳತುಟಿ ಕಚ್ಚಿದಳು. ಆ ಕಚ್ಚಿದ್ದನ್ನು ಅವನು ನೋಡಿಬಿಟ್ಟ.

ಮುಂದಿನ ಭಾನುವಾರಕ್ಕೆ ಮುನಿರಾಜು ಒಂದು ಉಪಾಯ ಮಾಡಿದ. ಗಲಾಟೆ ಮಾಡಿದರೆ ಪೊಲೀಸರು ಬರುತ್ತಾರೆ. ಮ್ಯಾಚಿಗೇ ಹೋಗದಿದ್ದರೆ ತಂಡ ಅನಾಥವಾಗುತ್ತದೆ. "ಟಿಕೆಟ್ ತಗೊಂಡು ಒಳಗೇ ಹೋಗೋಣ, ಗುರು. ಆದ್ರೆ ಆಟ ಮುಗಿಯೋವರ್ಗೂ ಮೈದಾನಕ್ಕೆ ಬೆನ್ನು ಹಾಕಿ ನಿಂತ್ಕೊಳ್ಳೋಣ. ಯಾರೂ ತಿರುಗಬಾರ್ದು, ಯಾರೂ ಬಾಯಿ ಬಿಡಬಾರ್ದು." ಎಲ್ಲರೂ ಒಪ್ಪಿದರು.

ಬೆನ್ನು ಮೈದಾನಕ್ಕಾದರೆ ಮುಖ ಯಾವ ಕಡೆಗೆ ಎಂದು ಮಾತ್ರ ಯಾರೂ ಯೋಚಿಸಿರಲಿಲ್ಲ.

ಮುಖ ಆಫೀಸಿನ ಕಡೆಗಿತ್ತು. ಮೆಟ್ಟಿಲುಗಳ ತುದಿಯಲ್ಲಿ ಗಾಜಿನ ಕಿಟಕಿಯ ಒಂದು ರೂಮು. ಏರ್ ಕಂಡೀಷನರ್ ಇದ್ದ ಕಾಲದಲ್ಲಿ ಹಾಕಿಸಿದ ಗಾಜು, ತೆರೆಯಲು ಬರುವುದಿಲ್ಲ. ಹೊಸಬರು ಆ ಮಿಷನ್ನನ್ನೂ ಕಳಚಿ ಮಾರಿದ್ದರು. ಒಳಗೆ ಭಾನುಮತಿ ಬೆವರುತ್ತ ಕೂತಿದ್ದಳು. ಎದುರಿಗೆ ಮುನ್ನೂರು ಮುಖ. ಎಲ್ಲಕ್ಕಿಂತ ಹತ್ತಿರ, ಮೇಲಿನ ಮೆಟ್ಟಿಲಲ್ಲಿ, ಮುನಿರಾಜು.

ಅವಳು ಫೈಲ್ ತಿರುವಿದಳು. ನೀರು ಕುಡಿದಳು. ಸೆರಗು ಸರಿಮಾಡಿಕೊಂಡಳು. ಎಲ್ಲಿ ನೋಡಿದರೂ ಕೊನೆಗೆ ಅಲ್ಲಿಗೇ ಬರಬೇಕು. ಅವನಿಗೂ ನೋಡಲು ಬೇರೆ ಏನೂ ಇರಲಿಲ್ಲ.

ಹುಟ್ಟಿದಾಗಿನಿಂದ ತಂಡದ ಆಟ ನೋಡಿದವನಿಗೆ ಬೆನ್ನ ಹಿಂದೆ ಚೆಂಡು ಒದ್ದ ಸದ್ದು ಕೇಳಿದರೆ ಕತ್ತು ತಿರುಗಿಸದೆ ಇರುವುದು ಕಷ್ಟ. ಅವನು ಹುಬ್ಬು ಏರಿಸಿ ಕೇಳಿದ: ಹೇಗಿದೆ? ಅವಳು ಗಾಜಿನಾಚೆ ಕಣ್ಣು ಮುಚ್ಚಿ ತೆರೆದಳು: ಚೆನ್ನಾಗಿಲ್ಲ. ಎರಡನೆಯ ಮ್ಯಾಚಿನ ಹೊತ್ತಿಗೆ ಅವನಿಗೆ ಆ ಮುಖ ಪೂರ್ತಿ ಓದಲು ಬಂದಿತ್ತು. ನಮ್ಮವರ ಕಾಲಲ್ಲಿ ಚೆಂಡಿದ್ದರೆ ಪೆನ್ನು ಬಿಗಿ ಹಿಡಿಯುತ್ತಾಳೆ. ಎದುರಿನವರು ನುಗ್ಗಿದರೆ ಬಲಗಿವಿಯ ಓಲೆ ತಿರುಗಿಸುತ್ತಾಳೆ. ಯಾರಾದರೂ ಬಿದ್ದರೆ ಗದ್ದಕ್ಕೆ ಕೈ ಹೋಗುತ್ತದೆ.

ಒಮ್ಮೆ ಅವಳು ಬೇಕೆಂದೇ ಏನೂ ತೋರಿಸದೆ ಕಲ್ಲಿನ ಹಾಗೆ ಕೂತಳು. ಅವನು ಎರಡೂ ಕೈ ಜೋಡಿಸಿದ. ಅವಳು ನಕ್ಕು ಓಲೆ ತಿರುಗಿಸಿದಳು.

ಮೂರನೆಯ ಮ್ಯಾಚಿನಲ್ಲಿ, ಆಟ ಮುಗಿಯಲು ಇನ್ನೇನು ಸ್ವಲ್ಪ ಹೊತ್ತಿದೆ ಎನ್ನುವಾಗ, ಭಾನುಮತಿ ಕುರ್ಚಿಯಿಂದ ಎದ್ದು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಗೋಲ್!" ಎಂದು ಮುನಿರಾಜು ಎಗರಿದ.

ಬಾಯಿ ಬಿಡಬೇಡಿ ಎಂದವನೇ ಬಾಯಿ ಬಿಟ್ಟಿದ್ದ. ಪಕ್ಕದಲ್ಲಿದ್ದ ಗೆಳೆಯ ಸೀನ ಅವನನ್ನೇ ನೋಡಿದ. "ಲೇ ಮಗಾ, ನಿಂಗೇನು ಬೆನ್ನಲ್ಲಿ ಕಣ್ಣೈತಾ?" ಆಮೇಲೆ ಗಾಜಿನ ಕಡೆ ತಿರುಗಿ, "ಓ... ಕಣ್ಣು ಅಲ್ಲೈತೆ!" ಎಂದ. ಮೆಟ್ಟಿಲೆಲ್ಲ ನಕ್ಕಿತು.

ನಗದೇ ಇದ್ದವರು ಒಬ್ಬರೇ. ಭಾನುಮತಿಯ ಹಿಂದೆ ಬಂದು ನಿಂತಿದ್ದ ಮ್ಯಾನೇಜರ್ ಸಿದ್ಧಾರ್ಥ್.

"ಇದನ್ನ ಶುರು ಮಾಡಿದ್ದು ಯಾರು?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ದೋರು ನಿಮ್ಮ ಮುಖ ನೋಡಿ ಗೋಲ್ ಅಂತಾರಾ? ನಾಳೆ ಬೆಳಿಗ್ಗೆ ನಿಮ್ಮ ಬಾಯಿಂದಾನೇ ಹೆಸರು ಬೇಕು. ನೀವು ನಮ್ಮ ಕಡೆಯೋ ಅವರ ಕಡೆಯೋ ಗೊತ್ತಾಗ್ಲಿ. ಅವನು ಇನ್ನು ಈ ಕಾಂಪೌಂಡ್ ಒಳಗೆ ಕಾಲಿಡಬಾರ್ದು. ಹೇಳಲ್ಲ ಅಂದ್ರೆ... ನಿಮ್ಮ ತಂದೆಯವರ ಕ್ವಾರ್ಟರ್ಸ್ ಕೂಡ ನಮಗೊಂದು ಖರ್ಚೇ."

ಅವಳ ತಂದೆ ವಾದಿರಾಜ ಫ್ಯಾಕ್ಟರಿಯಿಂದ ನಿವೃತ್ತರಾದ ಮೇಲೆ ಮೈದಾನದ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಗೋಲ್ ಪೋಸ್ಟಿನ ಹಿಂದೆ, ಕಾಂಪೌಂಡಿನೊಳಗೇ, ಎರಡು ಕೋಣೆಯ ಮನೆ. ಅಪ್ಪ ಮಗಳು ಇಬ್ಬರೇ. ಹೊರಗೆ ಬಾಡಿಗೆಗೆ ಹೋಗೋಣವೆಂದರೆ ಹತ್ತು ತಿಂಗಳ ಅಡ್ವಾನ್ಸ್ ಎಲ್ಲಿಂದ ತರುವುದು?

ಸಂಜೆ ಮನೆಯಲ್ಲಿ ವಿಷಯ ತಿಳಿಸಿದಾಗ, ಹೆಸರು ಹೇಳಬೇಡ ಎಂದು ಅಪ್ಪ ದೊಡ್ಡ ಮಾತು ಆಡಿಯಾರು ಎಂದುಕೊಂಡಿದ್ದಳು. ಅವರು ಚಾಪೆಯ ಅಂಚು ಕೀಳುತ್ತ ಕೂತರು.

"ಹೆಸರು ಹೇಳಿಬಿಡು ಪುಟ್ಟಿ. ಈ ವಯಸ್ಸಲ್ಲಿ ಸಾಮಾನು ಹೊತ್ಕೊಂಡು ಎಲ್ಲಿ ಹೋಗ್ಲಿ?"

"ಅವರು ಒಳ್ಳೆಯವರು ಅಪ್ಪ."

"ಗೊತ್ತು. ನಾನೂ ನೋಡಿದೀನಿ, ಮೂರು ವಾರದಿಂದ. ಗಾಜು ಅಂದ್ರೆ ಒಂದೇ ಕಡೆಯಿಂದ ಕಾಣುತ್ತೆ ಅಂದ್ಕೊಂಡ್ಯಾ?"

ಅವಳು ಚಪ್ಪಲಿ ಮೆಟ್ಟಿ ಗೇಟಿನಾಚೆ ಬಂದಳು. ಮುನಿರಾಜು ಚನ್ನಕ್ಕನ ಬುಟ್ಟಿಯ ಹತ್ತಿರವೇ ನಿಂತಿದ್ದ. ನಡುವೆ ಗಾಜಿಲ್ಲದೆ ಅವನನ್ನು ನೋಡುವುದು ಅವಳಿಗೆ ಕಷ್ಟವಾಯಿತು. ನೆಲ ನೋಡಿಕೊಂಡೇ ನಡೆದದ್ದೆಲ್ಲ ಹೇಳಿದಳು.

"ಹೇಳ್ಬಿಡಿ," ಎಂದ ಅವನು.

"ನೀವೇ ಹೋಗಿ ಒಪ್ಕೊಂಡ್ರೆ?"

"ಆಗ ಅವ್ರಿಗೆ ನಿಮ್ಮ ಮೇಲಿರೋ ಅನುಮಾನ ಹೋಗಲ್ಲ. ಮನೆ ಉಳೀಬೇಕಂದ್ರೆ ನೀವೇ ಹೇಳ್ಬೇಕು."

"ನಿಮ್ಮ ತಾತನೂ ನಿಮ್ಮಪ್ಪನ ಕೈ ಹಿಡ್ಕೊಂಡು ಇದೇ ಮೆಟ್ಟಿಲ ಮೇಲೆ ಕೂತಿದ್ರಂತೆ. ಇನ್ಮೇಲೆ ನೀವು ಒಳಗೆ ಬರೋಕಾಗಲ್ಲ. ನನ್ನ ಬಾಯಿಂದ ಆ ಹೆಸರು ಹೇಗೆ ಬರುತ್ತೆ?"

"ಇಲ್ಲೊಂದ್ಸಲ ಹೇಳಿ ನೋಡಿ. ಬರುತ್ತೋ ಇಲ್ವೋ ಗೊತ್ತಾಗುತ್ತೆ."

ಲಾರಿಯೊಂದು ಹಾದುಹೋಯಿತು.

"ಮುನಿರಾಜು," ಎಂದಳು.

"ಈಗ ಹೇಳಿದ್ರಲ್ಲ, ಇದು ನಂಗೆ. ನಾಳೆ ಹೇಳೋದು ಅವ್ರಿಗೆ. ಎರಡೂ ಬೇರೆ ಬೇರೆ ಕಣ್ರೀ."

"ಮೇಡಂ ಅನ್ನೋದು ಬಿಟ್ರಲ್ಲ."

"ಹೂಂ. ಬಿಟ್ಟೆ."

ಚನ್ನಕ್ಕ ಬುಟ್ಟಿಗೆ ಬಟ್ಟೆ ಮುಚ್ಚುತ್ತ, "ಇನ್ನೂ ಏನ್ ರೀ ಅಂತೀಯೋ, ಕೈ ಇಡ್ಕೊಳ್ಳೋ ಪೆದ್ದ," ಎಂದಳು. ಅವನು ಹಿಡಿದ. ಅವಳು ಬಿಡಿಸಿಕೊಳ್ಳಲಿಲ್ಲ.

ಸೋಮವಾರ ಬೆಳಿಗ್ಗೆ ಭಾನುಮತಿ ಸಿದ್ಧಾರ್ಥ್ ಎದುರು ನಿಂತು ಆ ಹೆಸರು ಹೇಳಿದಳು. ಮಧ್ಯಾಹ್ನದ ಹೊತ್ತಿಗೆ ಗೇಟಿನಲ್ಲಿ ಮುನಿರಾಜುವಿನ ಫೋಟೊ ಅಂಟಿಸಿದ್ದರು. ಅದನ್ನೂ ಅವಳ ಕೈಯಿಂದಲೇ ಹಚ್ಚಿಸಿದ್ದರು.

ಕಾರ್ತೀಕದಲ್ಲಿ ಚಿಕ್ಕಬಾಣಾವರದ ದೇವಸ್ಥಾನದಲ್ಲಿ ಮದುವೆ. ಅದಕ್ಕೂ ಮುಂಚೆ ಅಳಿಯನನ್ನು ಮನೆ ಬಾಗಿಲಲ್ಲಿ ಕಾಲು ತೊಳೆದು ಒಳಗೆ ಕರೆಯಬೇಕು, ಅದು ವಾದಿರಾಜರ ಕಡೆಯ ಪದ್ಧತಿ. ಮನೆ ಕಾಂಪೌಂಡಿನ ಒಳಗೆ, ಅಳಿಯನಿಗೆ ಕಾಂಪೌಂಡಿನೊಳಗೆ ಪ್ರವೇಶವಿಲ್ಲ. ವಾದಿರಾಜರು ಒಂದು ಚೊಂಬು ನೀರು, ಒಂದು ತಟ್ಟೆ ಹಿಡಿದುಕೊಂಡು ಗೇಟು ದಾಟಿ ರಸ್ತೆಗೆ ಬಂದರು.

"ಐನೋರೇ, ನೀವು ನನ್ ಮಗನ್ ಕಾಲ್ ತೊಳೆಯೋದಾ? ಬ್ಯಾಡಿ ಸ್ವಾಮಿ," ಎಂದು ಮುನಿರಾಜುವಿನ ತಾಯಿ ಚಿಕ್ಕಮುನಿಯಮ್ಮ ಅಡ್ಡ ಬಂದಳು.

"ಇಷ್ಟಾದ್ರೂ ಮಾಡಕ್ಕೆ ಬಿಡಿ ಬೀಗಿತಿ. ಇವರ ಹೆಸರು ಕೊಟ್ಟು ನಾನು ಮನೆ ಉಳಿಸ್ಕೊಂಡಿದೀನಿ," ಎಂದು ಅವರು ಧೂಳಿನಲ್ಲಿ ಮಂಡಿಯೂರಿ ಕೂತರು.

ವಾದಿರಾಜರಿಗೆ ಮನೆ ಉಳಿಯಿತು, ಅಳಿಯನನ್ನು ಅದರೊಳಗೆ ಕೂರಿಸಿ ಒಂದು ತುತ್ತು ಬಡಿಸುವ ಭಾಗ್ಯ ಹೋಯಿತು. ಆ ಮನೆಯ ಸಲುವಾಗಿ ಭಾನುಮತಿಗೆ ಕೆಲಸ ಬಿಡಲಾಗಲಿಲ್ಲ. ಮುನಿರಾಜುವಿಗೆ ಭಾನುಮತಿ ಸಿಕ್ಕಳು, ಮೈದಾನ ಸಿಗಲಿಲ್ಲ.