ಉಳಿದ ಟೈಲ್ಸಿನ ಮನೆ

ನನ್ನ ಗಂಡ ಗಲ್ಫಿಗೆ ಹೋಗಲು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅಡುಗೆಮನೆಯ ಪರದೆಯ ಎಡೆಯಿಂದ.

ಅಂದು ಶುಕ್ರವಾರ. ಜುಮಾ ನಮಾಝ್ ಮುಗಿಸಿ ಬಂದ ನನ್ನ ಬಾಪ ಮತ್ತು ಗಂಡ ನಿಯಾಝ್ ಊಟಕ್ಕೆ ಕುಳಿತಿದ್ದರು. ನಮ್ಮ ಬ್ಯಾರಿಗಳಲ್ಲಿ ಹೊಸ ಅಳಿಯನಿಗೆ ಪುದಿಯಾಪ್ಳೆ ಎನ್ನುತ್ತಾರೆ. ಮದುವೆಯಾದ ಮೇಲೆ ಅವನು ಹೆಂಡತಿಯ ಮನೆಗೆ ಬಂದು ಉಳಿಯುತ್ತಾನೆ. ಅವನಿಗೆಂದೇ ಒಂದು ಕೋಣೆ, ಹೊಸ ಮಂಚ, ಬಟ್ಟಲಿಗೆ ಮೀನಿನ ದೊಡ್ಡ ತುಂಡು. ಮದುವೆಯಾಗಿ ಎಂಟು ತಿಂಗಳಾದರೂ ಕಾಪುವಿನ ನಮ್ಮ ಮನೆಯಲ್ಲಿ ನಿಯಾಝ್ ಇನ್ನೂ ಹೊಸಬರೇ. ಅಂಜಲ್ ಮೀನಿನ ತಲೆ ಅವರಿಗೇ. ಅವರು ಕೈ ತೊಳೆಯಲು ಎದ್ದರೆ ಉಮ್ಮ ಟವೆಲ್ ಹಿಡಿದು ಓಡುತ್ತಾರೆ.

"ಮುಸ್ತಫಾ ಫೋನ್ ಮಾಡಿದ್ದ," ಎಂದರು ಬಾಪ. ಮುಸ್ತಫಾ ನನ್ನ ಅಕ್ಕ ಜುಮಾನಾಳ ಗಂಡ, ಹನ್ನೊಂದು ವರ್ಷದಿಂದ ಸೌದಿಯ ದಮ್ಮಾಮಿನಲ್ಲಿದ್ದಾರೆ. "ಅವನ ಕಂಪೆನಿಗೆ ಟೈಲ್ಸ್ ಕೆಲಸ ಗೊತ್ತಿರುವ ಸೂಪರ್‌ವೈಸರ್ ಬೇಕಂತೆ. ವೀಸಾ ಉಂಟು. ಈ ತಿಂಗಳ ಒಳಗೆ ಪಾಸ್‌ಪೋರ್ಟ್ ಕಾಪಿ, ಫೋಟೋ ಕಳಿಸಬೇಕು. ಎಂತ ಹೇಳ್ತೀರಿ?"

ನಿಯಾಝ್ ಅವರ ಕೈ ಬಟ್ಟಲಿನಲ್ಲಿ ಒಂದು ಕ್ಷಣ ನಿಂತಿತು. ಆಮೇಲೆ ಅವರು ನಕ್ಕರು.

"ಆಗಲಿ ಮಾಮ."

ನಾನು ಮಣಿಪಾಲದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ರಿಪೋರ್ಟ್ ಟೈಪ್ ಮಾಡುವವಳು. ಅಲ್ಲಿ ಡಾಕ್ಟರು 'ಕಿಡ್ನಿಯಲ್ಲಿ ಕಲ್ಲು ಇಲ್ಲ' ಎಂದು ಎಂದೂ ಬರೆಸುವುದಿಲ್ಲ, 'ಕಲ್ಲು ಕಂಡುಬಂದಿಲ್ಲ' ಎಂದೇ ಬರೆಸುವುದು. ಕಂಡದ್ದಕ್ಕಿಂತ ಹೆಚ್ಚು ಹೇಳಬಾರದು ಎನ್ನುವುದು ನನಗೆ ಅಭ್ಯಾಸವಾಗಿ ಹೋಗಿದೆ. ಪರದೆಯ ಹಿಂದೆ ನಿಂತು ಗಂಡನ ಮುಖದ ರಿಪೋರ್ಟನ್ನೂ ಹಾಗೆಯೇ ಬರೆದುಕೊಂಡೆ. ಬೇಸರ ಕಂಡುಬಂದಿಲ್ಲ.

ಊಟವಾದ ಮೇಲೆ ಕೋಣೆಗೆ ಬಂದರು. ನಮ್ಮದು ಹಳೆಯ ಹೆಂಚಿನ ಮನೆ, ಕೋಣೆಯ ಗೋಡೆಗಳು ಮಾಡಿನವರೆಗೆ ಮುಟ್ಟುವುದಿಲ್ಲ. ಆಚೆ ಅಕ್ಕ, ಅವಳ ಇಬ್ಬರು ಮಕ್ಕಳು, ಈಚೆ ಬಾಪನ ಕೆಮ್ಮು. ಮದುವೆಯಾದಂದಿನಿಂದ ನಾವು ಪಿಸುಮಾತಿನಲ್ಲೇ ಸಂಸಾರ ಮಾಡಿದವರು. ನಗು ಬಂದರೆ ಅವರು ದಿಂಬಿನಲ್ಲಿ ಮುಖ ಹುದುಗಿಸುತ್ತಿದ್ದರು, ನಾನು ಶಾಲು ಕಚ್ಚುತ್ತಿದ್ದೆ.

"ಕೇಳಿದೆಯಲ್ಲ? ನೀನು ಎಂತ ಹೇಳ್ತಿ ರಿಝು?" ಎಂದು ಪಿಸುಗುಟ್ಟಿದರು.

ಹೇಳಲು ಮೂರು ವಾಕ್ಯ ಸಿದ್ಧ ಮಾಡಿಟ್ಟಿದ್ದೆ. ಹೋಗಬೇಡಿ. ಎರಡು ವರ್ಷ ನಾನು ಹೇಗಿರಲಿ? ನನ್ನನ್ನು ಕೇಳುವ ಮೊದಲೇ ಯಾಕೆ ನಕ್ಕಿರಿ? ಬಾಯಿಂದ ಬಂದದ್ದು ಮಾತ್ರ ನಾಲ್ಕನೆಯದು.

"ನಿಮಗೆ ಒಳ್ಳೆಯದಾಗುವುದಾದರೆ ಹೋಗಿ."

ಅವರು ನನ್ನನ್ನೇ ನೋಡಿದರು. ಬೆರಳ ಗಿಣ್ಣಿನಿಂದ ಮಂಚದ ಚೌಕಟ್ಟನ್ನು ಎರಡು ಸಲ ಟಕ್ ಟಕ್ ಎಂದು ಬಡಿದರು.

"ಎಂತ ನೋಡುವುದು?"

"ಸುಮ್ಮನೆ."

ಅದು ಅವರ ಕಸುಬಿನ ಅಭ್ಯಾಸ. ಟೈಲ್ಸ್ ಹಾಕಿದ ಮೇಲೆ ಗಿಣ್ಣಿನಿಂದ ಬಡಿದು ನೋಡುತ್ತಾರೆ. ಅಡಿಯಲ್ಲಿ ಸಿಮೆಂಟ್ ತುಂಬಿದ್ದರೆ ಗಟ್ಟಿ ಸದ್ದು, ಗಾಳಿ ಉಳಿದಿದ್ದರೆ ಪೊಳ್ಳು ಸದ್ದು. ಪೊಳ್ಳಿದ್ದರೆ ಎಬ್ಬಿಸಿ ಮತ್ತೆ ಹಾಕಬೇಕು.

ನಮ್ಮ ಪರಿಚಯವಾದದ್ದೂ ಆ ಸದ್ದಿನಿಂದಲೇ. ಮುಸ್ತಫಾ ಕಾಪುವಿನಲ್ಲೇ ಎರಡು ಮಾಳಿಗೆಯ ಮನೆ ಕಟ್ಟಿಸುವಾಗ ಟೈಲ್ಸ್ ಕೆಲಸಕ್ಕೆ ಬಂದವರು ಕಾರ್ಕಳದ ನಿಯಾಝ್. ಅಕ್ಕನ ಜೊತೆ ನೋಡಲು ಹೋಗಿದ್ದ ನಾನು ಮೆಟ್ಟಿಲಿನ ಹತ್ತಿರ ನಿಂತು, "ಇಲ್ಲಿ ಒಂದರ ಸದ್ದು ಬೇರೆ ಉಂಟು," ಎಂದಿದ್ದೆ. ಅವರು ಬಂದು ಬಡಿದು ನೋಡಿ, ಕಿವಿಯವರೆಗೆ ಕೆಂಪಾಗಿದ್ದರು.

"ಮುನ್ನೂರು ಟೈಲ್ಸ್ ಹಾಕಿದ್ದೇನೆ. ತಪ್ಪಾದ ಒಂದರ ಮೇಲೆಯೇ ಹೇಗೆ ಕಾಲಿಟ್ಟಿರಿ ಮಾರಾಯ್ರೆ?"

"ನನಗೆ ತಪ್ಪುಗಳು ಮೊದಲು ಕಾಣುವುದು."

"ಹಾಗಾದರೆ ಉಳಿದದ್ದನ್ನೂ ಸ್ವಲ್ಪ ನಡೆದು ನೋಡಿ," ಎಂದು ಅವರು ಪಕ್ಕಕ್ಕೆ ಸರಿದರು. ನಾನು ಇಡೀ ಹಾಲ್ ನಡೆದೆ. ನನ್ನ ಕಾಲನ್ನು ನೋಡುವ ನೆಪದಲ್ಲಿ ಅವರು ಏನೇನು ನೋಡಿದರೋ, ಎರಡೇ ತಿಂಗಳಿಗೆ ಅವರ ಉಮ್ಮ ನಮ್ಮ ಮನೆಗೆ ಬಂದರು.

ಆ ಶುಕ್ರವಾರದ ನಂತರ ನಾವಿಬ್ಬರೂ ತುಂಬ ಒಳ್ಳೆಯವರಾಗಿಬಿಟ್ಟೆವು. ಅವರು ಸೂಟ್‌ಕೇಸಿನ ಮಾತು ಎತ್ತಿದರೆ ನಾನು ದೊಡ್ಡದೇ ಇರಲಿ ಎಂದೆ. ನಾನು ಅಲ್ಲಿಯ ಸೆಖೆಯ ಬಗ್ಗೆ ಕೇಳಿದರೆ ಅವರು ಎಸಿ ಉಂಟಂತೆ ಎಂದರು. ಭಾನುವಾರಗಳಲ್ಲಿ ಮಾತ್ರ ಉಮ್ಮನನ್ನು ನೋಡಿ ಬರುತ್ತೇನೆಂದು ಬೆಳಿಗ್ಗೆಯೇ ಕಾರ್ಕಳಕ್ಕೆ ಹೋಗಿ, ಉಗುರಿನ ಸಂದಿಯಲ್ಲಿ ಮಣ್ಣು ತುಂಬಿಸಿಕೊಂಡು ಬರುತ್ತಿದ್ದರು. ಉಮ್ಮನನ್ನು ನೋಡಲು ಮಣ್ಣು ಅಗೆಯಬೇಕೆ ಎಂದು ನಾನು ಕೇಳಲಿಲ್ಲ.

ಮೂರನೆಯ ವಾರ ಅಕ್ಕನ ಜೊತೆ ಅವಳ ಮನೆ ಗುಡಿಸಲು ಹೋದೆ. ಮನೆಯೊಕ್ಕಲಾಗಿ ವರ್ಷ ಕಳೆದಿದೆ, ಆದರೆ ಅಷ್ಟು ದೊಡ್ಡ ಮನೆಯಲ್ಲಿ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಇರಲಾರದೆ ಅವಳು ನಮ್ಮಲ್ಲೇ ಇದ್ದಾಳೆ. ಪ್ರತಿ ಗುರುವಾರ ಬೀಗ ತೆಗೆದು, ಗುಡಿಸಿ, ನಳ್ಳಿ ಬಿಟ್ಟು ನೋಡಿ, ಮತ್ತೆ ಬೀಗ ಹಾಕಿ ಬರುತ್ತಾಳೆ.

"ಎರಡು ವರ್ಷಕ್ಕೊಮ್ಮೆ ನಲವತ್ತು ದಿನ ರಜೆ," ಎಂದಳು ಅಕ್ಕ, ಸೋಫಾಕ್ಕೆ ಹೊದಿಸಿದ ಬಟ್ಟೆ ಕೊಡವುತ್ತ. "ಎಲ್ಲ ಕೂಡಿಸಿದರೆ ನಾನು ಅವರ ಜೊತೆ ಒಂದು ವರ್ಷ ಸಂಸಾರ ಮಾಡಿಲ್ಲ ರಿಝು. ಅವರು ಬಂದಾಗ ಮೊದಲ ವಾರ ಚಿಕ್ಕವನು ಅವರನ್ನು ಅಂಕಲ್ ಅಂತಾನೆ." ಅವಳು ನಗಲಿಲ್ಲ. "ನಿಯಾಝ್‌ಗೆ ಹೋಗಬೇಕಂತಾ?"

"ಬಾಪ ಕೇಳಿದಾಗ ನಕ್ಕರಲ್ಲ. ಆಗಲಿ ಅಂದರಲ್ಲ."

ಅಕ್ಕ ಪೊರಕೆ ಕೆಳಗಿಟ್ಟಳು. "ಮಾವನ ಎದುರು, ಅನ್ನ ಬಾಯಲ್ಲಿ ಇಟ್ಟುಕೊಂಡು, ಯಾವ ಪುದಿಯಾಪ್ಳೆ ಆಗುವುದಿಲ್ಲ ಅಂದಿದ್ದಾನೆ ಹುಚ್ಚಿ? ನಮ್ಮವರೂ ಹಾಗೆಯೇ ಆಗಲಿ ಅಂದದ್ದು. ಹನ್ನೊಂದು ವರ್ಷ ಆಯಿತು."

ನಾನು ಮೆಟ್ಟಿಲಿನ ಹತ್ತಿರ, ಆ ಹಳೆಯ ಜಾಗದಲ್ಲೇ, ಕುಳಿತುಬಿಟ್ಟೆ.

ಭಾನುವಾರ ಫೋಟೋ ತೆಗೆಸಲು ಹೊರಟೆವು. ಬಿಳಿ ಹಿನ್ನೆಲೆಯ ಪಾಸ್‌ಪೋರ್ಟ್ ಫೋಟೋ. ಸೋಮವಾರ ಕಾಗದ ಕಳಿಸುವುದೆಂದು ಬಾಪ ಹೇಳಿಯಾಗಿತ್ತು. ಬೈಕಿನ ಹಿಂದೆ ಕುಳಿತು ನಾನು ದಾರಿಯುದ್ದಕ್ಕೂ ವಾಕ್ಯ ಜೋಡಿಸುತ್ತಿದ್ದೆ. ಉಡುಪಿ ಬಂತು, ಹೋಯಿತು.

"ಸ್ಟುಡಿಯೋ ಹಿಂದೆ ಉಳಿಯಿತು," ಎಂದೆ.

"ಉಳಿಯಲಿ."

"ಈಗ ಮಣಿಪಾಲವೂ ಹೋಯಿತು."

"ಇವತ್ತು ಸಂಡೇ. ನಿನ್ನ ಆಫೀಸ್ ಇಲ್ಲ, ಹೆದರಬೇಡ."

"ಪೆಟ್ರೋಲ್ ಉಂಟಾ?"

"ಉಂಟು."

"ಎಲ್ಲಿಗೆ ಅಂತ ಹೇಳಬಾರದಾ?"

"ಹೇಳಿದರೆ ನೀನು ಅಲ್ಲಿಗೆ ತಲುಪುವ ಮೊದಲೇ ಹತ್ತು ತಪ್ಪು ಹುಡುಕ್ತಿ." ಕನ್ನಡಿಯಲ್ಲಿ ಅವರ ಕಣ್ಣು ನನ್ನನ್ನು ಹುಡುಕಿ, ಸಿಕ್ಕಿದೊಡನೆ ರಸ್ತೆಗೆ ಜಾರಿತು. ನಾನು ಅವರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದೆ. ಸಾಮಾನ್ಯವಾಗಿ ಎರಡು ಬೆರಳಲ್ಲಿ ಹಿಡಿಯುವವಳು ನಾನು.

ಹಿರಿಯಡ್ಕ ದಾಟಿ, ಕಾರ್ಕಳದ ದಾರಿ ಬಿಟ್ಟು, ಒಂದು ಮಣ್ಣು ರಸ್ತೆಯ ಕೊನೆಯಲ್ಲಿ ಬೈಕ್ ನಿಂತಿತು. ಎರಡು ಗೇರುಮರ, ಕೆಂಪು ಮುರಕಲ್ಲಿನ ನೆಲ, ಬೇಲಿಯಾಚೆ ಒಂದು ಮನೆ. ಅವರ ಬಾಪ ಬದುಕಿದ್ದಾಗ ಕೊಂಡಿದ್ದ ಐದು ಸೆಂಟ್ಸ್ ಜಾಗ, ಇವರ ಪಾಲಿಗೆ ಬಂದದ್ದು. ಇದೆ ಎಂದು ಗೊತ್ತಿತ್ತು, ನೋಡಿರಲಿಲ್ಲ.

ಗೇರುಮರದ ಮುಂದೆ, ಆಕಾಶದ ಕೆಳಗೆ, ಒಂದು ಮನೆಯ ನೆಲ ಹರಡಿಕೊಂಡಿತ್ತು.

ಗೋಡೆ ಇಲ್ಲ, ಮಾಡು ಇಲ್ಲ. ಮಟ್ಟ ಮಾಡಿದ ಮಣ್ಣಿನ ಮೇಲೆ ಸಾಲಾಗಿ ಟೈಲ್ಸ್ ಮಾತ್ರ. ಒಂದು ಕಡೆ ಬೂದು, ಒಂದು ಕಡೆ ಮರದ ಬಣ್ಣ, ಮೂಲೆಯಲ್ಲಿ ನೀಲಿ ಹೂವಿನವು. ಕೆಲಸ ಮುಗಿದ ಮನೆಗಳಲ್ಲಿ ಉಳಿದ ನಾಲ್ಕೈದು ಟೈಲ್ಸನ್ನು ಯಜಮಾನರು ಕೊಂಡುಹೋಗು ಎನ್ನುತ್ತಾರೆ. ಏಳು ವರ್ಷಗಳಿಂದ ಕೊಂಡುಬಂದದ್ದೆಲ್ಲ ಇಲ್ಲಿತ್ತು.

"ಚಪ್ಪಲಿ ಹೊರಗೆ," ಎಂದರು ನಿಯಾಝ್.

ನಾನು ಚಪ್ಪಲಿ ಬಿಟ್ಟೆ. ಬಾಗಿಲಿರಬೇಕಾದ ಜಾಗದಲ್ಲಿ ಬಲಗಾಲಿಟ್ಟೆ. ಟೈಲ್ಸ್ ಬಿಸಿಲಿಗೆ ಬೆಚ್ಚಗಿತ್ತು.

"ಇದು ಹಾಲ್. ಇಬ್ಬರಿಗೆ ಸಾಕು, ನೆಂಟರು ಬಂದರೆ ಒತ್ತಿಕೊಂಡು ಕೂರಬೇಕು. ಇದು ಅಡುಗೆಮನೆ. ನೀಲಿ ಟೈಲ್ಸ್ ಹೆಬ್ರಿಯ ಒಬ್ಬ ಟೀಚರಮ್ಮನದ್ದು. ಅದು ನಮ್ಮ ಕೋಣೆ. ಕಿಟಕಿ ಎಲ್ಲಿ ಅಂತ ನಿನ್ನನ್ನು ಕೇಳಿಯೇ ಇಡುವುದು ಅಂತ ಬಿಟ್ಟಿದ್ದೇನೆ. ಬಿಟ್ಟಿದ್ದೆ." ಅವರ ಧ್ವನಿ ತಗ್ಗಿತು. "ಹೋಗುವ ಮೊದಲು ಒಮ್ಮೆ ತೋರಿಸಬೇಕು ಅಂತ ಅನಿಸಿತು, ಅಷ್ಟೇ. ದಮ್ಮಾಮಿಂದ ಬಂದಮೇಲೆ ನಿನಗೆ ಅಕ್ಕನ ಮನೆಯ ಹಾಗೆಯೇ ಕಟ್ಟಿಸ್ತೇನೆ."

"ನಾನು ಯಾವಾಗ ಕೇಳಿದೆ ಅಕ್ಕನ ಮನೆಯ ಹಾಗೆ?"

"ಕೇಳಲಿಲ್ಲ. ಆದರೆ ಆ ಮನೆಯ ನೆಲ ಎಷ್ಟು ಚಂದ, ಎಷ್ಟು ಚಂದ ಅಂತ ಎಷ್ಟು ಸಲ ಹೇಳಿದ್ದಿ?"

"ಅದು ನೀವು ಹಾಕಿದ ನೆಲ ಅಂತ ಹೇಳಿದ್ದು!"

ನನ್ನ ಧ್ವನಿ ಗೇರುಮರಕ್ಕೆ ತಾಗಿ ಬಂತು. ನಾನೇ ಬೆಚ್ಚಿದೆ. ಅವರೆದುರು ನಾನು ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

"ಹಾಗಾದರೆ ಹೋಗಿ ಅಂತ ಯಾಕೆ ಹೇಳಿದೆ?" ಅವರೂ ಜೋರಾದರು.

"ಬಾಪ ಕೇಳಿದಾಗ ನೀವು ಯಾಕೆ ನಕ್ಕಿರಿ?"

"ಮಾಮನ ಎದುರು ಅಳಬೇಕಿತ್ತಾ? ಬಾಯಲ್ಲಿ ಮೀನಿನ ಮುಳ್ಳು ಬೇರೆ ಇತ್ತು! ಅವತ್ತು ನೀನು ಹೋಗಿ ಅಂದಾಗ ನನಗೆ ಪೊಳ್ಳು ಸದ್ದು ಕೇಳಿತು ರಿಝು. ಎಬ್ಬಿಸಿ ನೋಡಲಿಕ್ಕೆ ಧೈರ್ಯ ಬರಲಿಲ್ಲ. ಅಡಿಯಲ್ಲಿ ಎಂತ ಇರಬಹುದೋ ಅಂತ."

"ಹೋಗಬೇಡಿ ಅಂತ ಇತ್ತು!"

ಬೇಲಿಯಾಚೆಯಿಂದ ಯಾರೋ ಕೆಮ್ಮಿದರು. ಅರಿವೆ ಒಣಹಾಕುತ್ತಿದ್ದ ನೆರೆಮನೆಯ ಹೆಂಗಸು, ಆನಿ ಬಾಯಿ ಎಂದು ಆಮೇಲೆ ತಿಳಿಯಿತು, ಕ್ಲಿಪ್ಪು ಕೈಯಲ್ಲೇ ಹಿಡಿದು ನಮ್ಮನ್ನೇ ನೋಡುತ್ತಿದ್ದರು. "ಎಂತ ನಿಯಾಝ್, ಗೋಡೆ ಎದ್ದಿಲ್ಲ, ಆಗಲೇ ಜಗಳ ಶುರುವಾಯಿತಾ?"

"ಪ್ರಾಕ್ಟೀಸ್ ಬಾಯಿ!" ಎಂದು ಕೂಗಿದರು ಇವರು.

"ಆಗಲಿ, ಆಗಲಿ. ನಿನ್ನ ಹೆಂಡತಿಯ ಸ್ವರ ಒಳ್ಳೇದುಂಟು. ನನಗೂ ಟೈಮ್‌ಪಾಸ್," ಎಂದು ಅವರು ಒಳಗೆ ಹೋದರು.

ನಾವು ನಕ್ಕೆವು. ದಿಂಬಿಲ್ಲದೆ, ಶಾಲಿಲ್ಲದೆ. ಅವರು ನಗುವಾಗ ಕೊನೆಯಲ್ಲಿ ಒಂದು ಸಣ್ಣ ಗೊರಕೆಯಂಥ ಸದ್ದು ಬರುತ್ತದೆ ಎಂದು ಎಂಟು ತಿಂಗಳ ಮೇಲೆ ನನಗೆ ಗೊತ್ತಾಯಿತು.

ಆಮೇಲೆ ಎಂದಿನಂತೆ ನನ್ನ ಭಯಗಳು ಸಾಲಾಗಿ ಬಂದವು. ತೋಡಿದ ಬಾವಿಯಲ್ಲಿ ಮೇ ತಿಂಗಳಿಗೆ ನೀರು ಬತ್ತಿದರೆ? ಬ್ಯಾಂಕಿನವರು ಲೋನ್ ಕೊಡದಿದ್ದರೆ? ನನ್ನ ಕೆಲಸ ಹೋದರೆ? ಇಪ್ಪತ್ತಾರು ವರ್ಷಕ್ಕೇ ಯಾರಾದರೂ ಮನೆ ಕಟ್ಟುತ್ತಾರಾ? ಅರ್ಧಕ್ಕೆ ನಿಂತರೆ?

ಅವರು ಅಡುಗೆಮನೆಯ ನೀಲಿಯ ಮೇಲೆ ಕುಳಿತು ಎಲ್ಲವನ್ನೂ ಕೇಳಿದರು. "ಅರ್ಧಕ್ಕೆ ನಿಲ್ಲಬಹುದು. ಮೊದಲು ಈ ಅಡುಗೆಮನೆ, ಆ ಕೋಣೆ. ಗೋಡೆಯ ಸಾರಣೆ ಆಮೇಲೆ. ಮುಗಿಯದ ಮನೆಯಲ್ಲಿ ಜನ ಇರಬಹುದು ರಿಝು. ಜನ ಇಲ್ಲದ ಮುಗಿದ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾನು ಹಾಕಿದ ನೆಲದ ಮೇಲೆ ಹಲ್ಲಿ ಮಾತ್ರ ಓಡಾಡುವುದು."

ನಾನು ಎದ್ದು ಕೋಣೆಯ ಸುತ್ತ ನಡೆದೆ. ಪೂರ್ವಕ್ಕೆ ನಿಂತೆ, ಪಶ್ಚಿಮಕ್ಕೆ ನಿಂತೆ. ಗೇರುಮರದ ನೆರಳು ಬೀಳುವ ಕಡೆ ನೆಲಕ್ಕೆ ಒಂದು ಕಲ್ಲಿಟ್ಟೆ.

"ಇಲ್ಲಿ ಕಿಟಕಿ."

ಅವರು ಬಂದು ಆ ಕಲ್ಲಿನ ಹತ್ತಿರ ನಿಂತು, ಇಲ್ಲದ ಕಿಟಕಿಯಿಂದ ಹೊರಗೆ ನೋಡಿದರು. ಅವರ ಕಿರುಬೆರಳು ನನ್ನ ಕಿರುಬೆರಳನ್ನು ಹಿಡಿದಿತ್ತು.

ಕಾಪುವಿಗೆ ಮರಳುವಾಗ ಊಟದ ಹೊತ್ತು ಮೀರುತ್ತಿತ್ತು. ಬಾಪನೊಡನೆ ಅವರು ಕುಳಿತರು, ನಾನು ಪರದೆಯ ಹಿಂದೆ ನಿಂತೆ. ಉಮ್ಮ ಅಂಜಲ್ ತಲೆಯನ್ನು ಅವರ ಬಟ್ಟಲಿಗೆ ಹಾಕಿದರು. ಅವರು ಮುಳ್ಳು ಬಿಡಿಸಿ ತಿಂದು ಮುಗಿಸಿದರು. ಮತ್ತೆ ನಗುತ್ತಾರೆ, ಮತ್ತೆ ಆಗಲಿ ಎನ್ನುತ್ತಾರೆ ಎಂದುಕೊಂಡೆ.

"ಫೋಟೋ ಆಯಿತಾ?" ಎಂದರು ಬಾಪ.

ನಿಯಾಝ್ ಎದ್ದರು. ತಮ್ಮ ಬಟ್ಟಲನ್ನು ತಾವೇ ಎತ್ತಿಕೊಂಡು, ಪರದೆ ಸರಿಸಿ, ಅಡುಗೆಮನೆಗೆ ಬಂದು ನಳ್ಳಿಯ ಕೆಳಗೆ ಹಿಡಿದು ತೊಳೆಯತೊಡಗಿದರು.

"ಅಯ್ಯೋ ಅಲ್ಲಾಹ್! ಪುದಿಯಾಪ್ಳೆ ಬಟ್ಟಲು ತೊಳೆಯುವುದಾ!" ಉಮ್ಮ ಟವೆಲ್ ಹಿಡಿದು ಓಡಿ ಬಂದರು.

"ಇರಲಿ ಮಾಮಿ. ಎಂಟು ತಿಂಗಳಾಯಿತು, ಹೊಸಬ ಆಗಿದ್ದು ಸಾಕು." ತೊಳೆದ ಬಟ್ಟಲನ್ನು ಮಗುಚಿಟ್ಟು, ಒದ್ದೆ ಕೈಯಲ್ಲೇ ಬಾಪನ ಎದುರು ಹೋಗಿ ನಿಂತರು. "ಮಾಮ, ಫೋಟೋ ತೆಗೆಸಲಿಲ್ಲ. ಅವತ್ತು ನಿಮ್ಮ ಎದುರು ಇಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ. ನನಗೆ ಹೋಗಲಿಕ್ಕಿಲ್ಲ."

ಬಾಪನ ಮುಖ ಗಂಟಾಯಿತು. ನಾನು ಪರದೆ ದಾಟಿ ಹೊರಗೆ ಬಂದೆ. ಒಂದು ವಾಕ್ಯವೂ ಸಿದ್ಧವಿರಲಿಲ್ಲ.

"ಬಾಪ, ನಾವು ಹಿರಿಯಡ್ಕದ ಹತ್ತಿರ ಸಣ್ಣ ಮನೆ ಕಟ್ಟುತ್ತೇವೆ. ನನಗೆ ಹೆದರಿಕೆ ಉಂಟು. ಆದರೂ ಕಟ್ಟುತ್ತೇವೆ."

ಆಚೆ ಕೋಣೆಯಲ್ಲಿ ಅಕ್ಕ ಮಕ್ಕಳಿಗೆ ಶ್ ಎಂದಳು. ಬಾಪ ಬಾಗಿಲಿನಲ್ಲಿ ನೇತಾಡುವ, ಅಕ್ಕನ ಖಾಲಿ ಮನೆಯ ಬೀಗದ ಕೈಯನ್ನು ಸ್ವಲ್ಪ ಹೊತ್ತು ನೋಡಿದರು.

"ಎಷ್ಟು ಕೋಣೆ?"

"ಒಂದು," ಎಂದರು ನಿಯಾಝ್.

"ನಾನೂ ನಿನ್ನ ಮಾಮಿಯೂ ಬಂದರೆ ಎಲ್ಲಿ ಮಲಗುವುದು?"

ನಿನ್ನ ಮಾಮಿ ಎಂದರು. ಬಾಪ ಅಳಿಯನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

"ಕೋಣೆಯಲ್ಲಿ ನೀವು. ನಾವು ಹಾಲಿನಲ್ಲಿ."

"ಹಾಗಾದರೆ ಅಲ್ಲಿ ಪುದಿಯಾಪ್ಳೆ ನಾನು." ಬಾಪ ತಮ್ಮ ಬಟ್ಟಲಿನಲ್ಲಿ ಉಳಿದ ಬಾಲದ ತುಂಡನ್ನು ಬೆರಳಿನಿಂದ ಸರಿಸಿದರು. "ಎಂಟು ತಿಂಗಳಿಂದ ಬಾಲ ತಿಂತಾ ಇದ್ದೇನೆ. ಅಂಜಲ್ ತಲೆ ನನಗೆ ಇಡಬೇಕು, ಹೇಳಿದ್ದೇನೆ. ಮುಸ್ತಫಾನಿಗೆ ನಾನು ಫೋನ್ ಮಾಡ್ತೇನೆ."

ಉಮ್ಮ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡರು. ಬಾಪ ಕೈ ತೊಳೆಯಲು ಎದ್ದುಹೋದಾಗ, ನಿಯಾಝ್ ನನ್ನ ಪಕ್ಕದಲ್ಲೇ ನಿಂತು, ಯಾರಿಗೂ ಕಾಣದಂತೆ, ಗಿಣ್ಣಿನಿಂದ ಬಳೆಗಿಂತ ಮೇಲೆ ನನ್ನ ಮುಂಗೈಯನ್ನು ಮೆಲ್ಲಗೆ ಎರಡು ಸಲ ಬಡಿದರು.

"ಎಂತ ಕೇಳ್ತದೆ?" ಎಂದೆ. ಪಿಸುಗುಟ್ಟಲು ಮರೆತಿದ್ದೆ.

"ಗಟ್ಟಿ ಉಂಟು," ಎಂದರು ಅವರು, ಅಷ್ಟೇ ಜೋರಾಗಿ.